ಹನಿಯಕ್ಕನ ರುಜು

ಪೊಲೀಸರು ಹಿಡಿದು ತಂದ ಮಾದಕ ವಸ್ತುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಆಕೆ ಎಲ್ಲರಿಗೂ ಹನಿಯಕ್ಕ. ಭ್ರಮೆ ಹುಟ್ಟಿಸುವ ಮದ್ದು ಹೀರಿಸಿದ್ದೆಂಬ ಅನುಮಾನವಿರುವ ಕಾಗದದ ಮೇಲೆ ಒಂದು ಹನಿ ದ್ರಾವಣ ಬಿಟ್ಟು, ಅದು ನೇರಳೆಗೆ ತಿರುಗಿ ಮದ್ದಿದೆ ಎನ್ನುತ್ತದೋ ಇಲ್ಲವೋ ನೋಡುವುದು ಹದಿನೆಂಟು ವರ್ಷದಿಂದ ಆಕೆಯ ಕೆಲಸ. ಹನಿ ಆಕೆಯದು, ವರದಿಯ ಮೇಲಿನ ರುಜು ದೊಡ್ಡ ಸಾಹೇಬರದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗೆ. ರುಜು ಹಾಕುವ ಅಧಿಕಾರ ತನಗೂ ಬೇಕೆಂದು ಮೂರು ಸಲ ಅರ್ಜಿ ಕೊಟ್ಟಿದ್ದಳು. ಮೂರು ಸಲವೂ ಸಾಹೇಬರು, "ಅನುಭವ ಸಾಲದಮ್ಮ" ಎಂದಿದ್ದರು.

ಸಾಹೇಬರಿಗೊಂದು ಚಾಳಿ. ಬೆರಳು ನೆಕ್ಕದೆ ಹಾಳೆ ತಿರುವಲಾರರು. ಅಂದು ಬೆಳಿಗ್ಗೆ ಅಂಚೆಚೀಟಿಯಷ್ಟಗಲದ ಚೌಕಗಳ ಅಂಥ ಹಾಳೆಗಳು ಬಂದಾಗ ಕೈಗವಸಿಲ್ಲದೆ ಪೊಟ್ಟಣ ಬಿಚ್ಚಿ, ಬೆರಳು ನೆಕ್ಕಿ, ಒಂದೊಂದೇ ತಿರುವಿ, ಮತ್ತೆ ನೆಕ್ಕಿದರು. ಆಮೇಲೆ ತಾವು ನೆಕ್ಕಿದ್ದು ಏನೆಂದು ಹೊಳೆಯಿತು.

"ಎಷ್ಟು ಒಳಗೆ ಹೋದ್ರೆ ಏರುತ್ತಮ್ಮ?"

"ಸಾಸಿವೆ ಕಾಳಿನ ನೂರರಲ್ಲೊಂದು ಪಾಲು ಸಾಕು ಸಾರ್. ಮಿದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕೂರೋ ಜಾಗಕ್ಕೆ ಹೋಗಿ ಇದು ಕೂತ್ಬಿಡುತ್ತೆ. ಮುಕ್ಕಾಲು ಗಂಟೇಲಿ ಶುರುವಾದ್ರೆ ಹನ್ನೆರಡು ಗಂಟೆ ಎದ್ದೇಳಲ್ಲ."

ಮುಕ್ಕಾಲು ಗಂಟೆಗೆ ಸರಿಯಾಗಿ ಸಾಹೇಬರು ಕುರ್ಚಿ ಹಿಡಿದುಕೊಂಡರು. "ಗೋಡೆ ಉಸಿರಾಡ್ತಿದೆ ಕಣಮ್ಮ."

ಹನಿಯಕ್ಕ ಅವರ ಕಣ್ಣನ್ನು ದಿಟ್ಟಿಸಿದಳು. ಮದ್ದು ಏರಿದ್ದರೆ ಪಾಪೆ ಅಗಲವಾಗಬೇಕಿತ್ತು. ಇವರದು ಎಳ್ಳುಕಾಳಿನಷ್ಟೇ ಇತ್ತು. ಅಷ್ಟರಲ್ಲಿ ಆಕೆ ಆ ಹಾಳೆಗೆ ಬಿಟ್ಟು ನೋಡಿದ ಹನಿಯೂ ನೇರಳೆಯಾಗಿರಲಿಲ್ಲ. ಸಾಹೇಬರಿಗೆ ಏರಿದ್ದು ಬರೀ ಭಯ. ಹೇಳಿಬಿಡೋಣವೆಂದು ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

"ಖಾತ್ರಿ ಮಾಡೋ ಯಂತ್ರದ ಫಲಿತಾಂಶ ಬರೋವರೆಗೂ ತುಟಿ ಬಿಚ್ಚಬಾರದು ಅಂತ ನಿಯಮ ಮಾಡಿದೋರು ನೀವೇ ಸಾರ್. ಆದ್ರೆ ಮೂರು ಗಂಟೆಗೆ ವರದಿ ಕೋರ್ಟಿಗೆ ಹೋಗ್ಬೇಕು. ರುಜು?"

"ಈ ತಲೇಲಿ ನಾನು ಹೇಗೆ ಹಾಕ್ಲಿ? ನೀನೇ ಹಾಕು."

"ಹಾಗಂತ ಬರೆದುಕೊಡಿ. ಇನ್ನೂ ಜ್ಞಾನ ಇರೋವಾಗಲೇ."

ಇಂದಿನಿಂದ ವರದಿಗಳಿಗೆ ಈಕೆಯೂ ರುಜು ಹಾಕಬಹುದೆಂದು ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬರೆದುಕೊಟ್ಟರು.

ಮಧ್ಯಾಹ್ನ ಯಂತ್ರವೂ ಅದನ್ನೇ ಹೇಳಿತು. ಅದು ಖಾಲಿ ಕಾಗದ. ಯಾವನೋ ಕಳ್ಳ ಕೊಂಡವರಿಗೇ ಟೋಪಿ ಹಾಕಿದ್ದ. ವರದಿಯ ಕೆಳಗೆ ತನ್ನ ಹೆಸರು ಬರೆಯುವಾಗ ಹನಿಯಕ್ಕನಿಗೆ ಕಣ್ಣು ತುಂಬಿತು. ಮಾಡಿದ್ದಕ್ಕೆ ಚೂರು ನಾಚಿಕೆಯೂ ಆಯಿತು, ಚೂರೇ.

ವರದಿ ಓದಿದ ಕ್ಷಣಕ್ಕೆ ಸಾಹೇಬರ ಅಮಲು ಇಳಿಯಿತು. "ನಾನು ಬರೆದುಕೊಟ್ಟ ಆ ಕಾಗದ ತಗೊಂಡ್ಬಾ. ರದ್ದು ಮಾಡ್ತೀನಿ."

"ಮಾಡಿ ಸಾರ್. ರದ್ದತಿಗೆ ಕಾರಣ ಬರೀಬೇಕು, ಮೇಲಿನ ಕಚೇರಿಗೂ ಒಂದು ಪ್ರತಿ ಹೋಗುತ್ತೆ. ಏನಂತ ಬರೀಲಿ?"

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

"ನಿನ್ನ ಹೆಸರಿಂದು ಒಂದು ಸೀಲು ಮಾಡಿಸ್ಕೊ, ಹೋಗು" ಎಂದರು.