ಅರ್ಜಿಯಲ್ಲಿ ನನ್ನ ನಂಬರು

ಮೂರನೆಯ ಕಂಪ್ಯೂಟರಿನ ಸ್ಪೇಸ್ ಬಾರ್ ಮೇಲೆ, ಬಲತುದಿಯಲ್ಲಿ, ಹೆಬ್ಬೆರಳಿನಗಲದ ಜಾಗ ತಿಳಿಗೆಂಪಾಗಿರುತ್ತಿತ್ತು. ಒರೆಸಿದರೆ ಹೋಗುತ್ತಿತ್ತು, ಮಾರನೆಯ ದಿನ ಮತ್ತೆ ಬರುತ್ತಿತ್ತು.

ಅಲ್ಲಿ ಕೂರುತ್ತಿದ್ದವಳು ಬ್ಯಾಡಗಿಯ ಹುಡುಗಿ, ಬಿಸಿಎ ಕೊನೆಯ ವರ್ಷದವಳು. ಬೆಳಿಗ್ಗೆ ತಾಯಿಯ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಕೈ ತೊಳೆದು, ಉರಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ರಾಣೆಬೆನ್ನೂರಿನ ನಮ್ಮ ಕಾಲೇಜಿಗೆ ಬರುತ್ತಿದ್ದಳು. ನಾನು ಅಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹಾವೇರಿಯಿಂದ ದಿನಾ ಓಡಾಟ. ಅವಳ ತರಗತಿಯಲ್ಲಿ ಅವಳೂ ಸೇರಿ ಮುಸ್ಲಿಂ ಹುಡುಗಿಯರು ಮೂವರಿದ್ದರು. ಅವರ ವಿದ್ಯಾರ್ಥಿವೇತನದ ಅರ್ಜಿ, ಕೆಲಸದ ಅರ್ಜಿಗಳನ್ನು ತುಂಬಿಸುವುದನ್ನು ಕಾಲೇಜು ನನಗೆ ವಹಿಸಿತ್ತು. ವಹಿಸದಿದ್ದರೂ ಮಾಡುತ್ತಿದ್ದೆ, ಆದರೆ ಹಾಗೆಂದು ಯಾರಿಗೂ ಹೇಳಿರಲಿಲ್ಲ.

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ ನಮ್ಮ ಲ್ಯಾಬಿನಲ್ಲೇ ಲಿಖಿತ ಪರೀಕ್ಷೆ ನಡೆಸಿತು. ಅದರ ಅರ್ಜಿ ತುಂಬುವಾಗ, ಮೊಬೈಲ್ ನಂಬರಿನ ಜಾಗಕ್ಕೆ ಬಂದು ಅವಳ ಬೆರಳು ನಿಂತಿತು. ಮನೆಯಲ್ಲಿದ್ದದ್ದು ಒಂದೇ ಫೋನ್, ಅಣ್ಣನದು. ಅವನು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾನೆ.

"ಅಣ್ಣಂದು ಹಾಕಲೇನ್ರಿ ಮೇಡಂ?"

"ಬ್ಯಾಡ. ಅಂವಾ ಗದ್ದಲದಾಗ ಇರ್ತಾನ, ಕೇಳಸೂದಿಲ್ಲ. ನಂದು ಹಾಕು."

ನಮ್ಮ ಕಡೆ ಹೆಣ್ಣುಮಕ್ಕಳ ಅರ್ಜಿಯಲ್ಲಿ ಅವರದೇ ನಂಬರು ಇರುವುದು ಕಡಿಮೆ. ಅಪ್ಪನದು, ಅಣ್ಣನದು, ಇಲ್ಲವೆಂದರೆ ಮಾಸ್ತರದು. ನನ್ನದನ್ನು ಕೊಟ್ಟದ್ದು ಸಹಾಯವೆಂದೇ ತಿಳಿದಿದ್ದೆ.

ತರಗತಿಯ ಇಬ್ಬರು ಹುಡುಗರು ಸಂದರ್ಶನಕ್ಕೆ ಹೋಗಿಬಂದರು. ಇವಳಿಗೆ ಕರೆ ಬರಲಿಲ್ಲ.

"ನನ್ನ ಹೆಸರು ನೋಡಿ ಬಿಟ್ಟಿರಬೇಕ್ರಿ," ಎಂದಳು. ಬಸ್ಸು ತಪ್ಪಿತು ಎನ್ನುವಷ್ಟು ಸಹಜವಾಗಿ ಹೇಳಿದಳು.

"ಇರಬಹುದು," ಎಂದೆ ನಾನು. ಅಂಥದ್ದು ನಡೆಯುವುದನ್ನು ಕಂಡಿದ್ದೇನೆ. ನಮ್ಮ ಓಣಿಯಲ್ಲೇ ಹೆಸರು ಕೇಳಿದ ಮೇಲೆ ಬಾಡಿಗೆ ಮನೆ ಇಲ್ಲವಾದದ್ದುಂಟು. ಹಾಗಾಗಿ ಸಿಟ್ಟು ಸುಲಭವಾಗಿ ಬಂತು. ಆ ಸಿಟ್ಟಿನಲ್ಲಿ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಮೂಡಿತ್ತು ಎಂಬುದನ್ನೂ ಬರೆಯಬೇಕು. ಕಚೇರಿಗೆ ಒಂದು ಫೋನ್ ಮಾಡಿ ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಅದಾಗಿ ಆರನೆಯ ದಿನ ಸಂಜೆ, ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಫೋನಿನಲ್ಲಿ ತುಂಬಿದ್ದ ಜಾಹೀರಾತಿನ ಮೆಸೇಜುಗಳನ್ನು ಅಳಿಸುತ್ತಿದ್ದೆ. ಅವುಗಳ ನಡುವೆ ಅವಳ ಹೆಸರಿತ್ತು. ಸಂದರ್ಶನದ ದಿನ, ಹೊತ್ತು, ವಿಳಾಸ. ಆ ದಿನ ಆಗಲೇ ಕಳೆದಿತ್ತು. ಮೆಸೇಜ್ ಬಂದ ದಿನವೇ ಹುಬ್ಬಳ್ಳಿಯಿಂದ ಎರಡು ಕರೆಗಳೂ ಬಂದಿದ್ದವು. ಗೊತ್ತಿಲ್ಲದ ನಂಬರನ್ನು ನಾನು ಎತ್ತುವುದಿಲ್ಲ. ಅದಕ್ಕೊಂದು ಹಳೆಯ ಕಾರಣವಿದೆ; ಇಲ್ಲಿ ಬೇಡ.

ಹಾವೇರಿಗೆ ಹೋಗದೆ ಬ್ಯಾಡಗಿಯಲ್ಲಿ ಇಳಿದೆ. ಅವಳ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ. ಒಳಗೆ ಕಾಲಿಟ್ಟೊಡನೆ ಕೆಮ್ಮು ಬಂತು. ತಾಯಿ "ಕುಂದ್ರಿ" ಎಂದರು. ನಿಂತುಕೊಂಡೇ ಹೇಳಿದೆ: ಕರೆದಿದ್ದರು, ನಾನು ಫೋನ್ ಎತ್ತಲಿಲ್ಲ, ಮೆಸೇಜ್ ನೋಡಲಿಲ್ಲ.

ಹುಡುಗಿ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟಳು. "ಹಂಗಾರ ನಾ ಪರೀಕ್ಷಾದಾಗ ಪಾಸಾಗಿದ್ನೇನ್ರಿ?"

"ಆಗಿದ್ದಿ."

ತಾಯಿಯ ಕೈ ತೊಟ್ಟು ಬಿಡಿಸುವುದನ್ನು ನಿಲ್ಲಿಸಿರಲಿಲ್ಲ. "ನನ್ನ ಮಗನ ನಂಬರ್ ಕೊಟ್ಟಿದ್ರ ಚಲೋ ಇತ್ತಲ್ರಿ ಮೇಡಂ. ಅದು ಒದರಿದ್ರ ಮಾರ್ಕೆಟ್ಟಿನ ಹಮಾಲರು ಅಷ್ಟೂ ಮಂದಿ ಎತ್ತತಾರ. ಮನ್ಯಾಗ ಒದರಿದ್ರ ಕೋಳಿ ಸೈತ ಓಡಿ ಬರತಾವು." ತಾವೇ ನಕ್ಕರು. ಮಗಳು ನಗಲಿಲ್ಲ. ಆಮೇಲೆ ಅವರೂ ನಗು ನಿಲ್ಲಿಸಿದರು. "ಆರು ದಿನದಿಂದ ಆ ಮಂದಿಗೆ ಬೈಯಾಕತ್ತೇವಿ. ಖರೇ ಹೇಳ್ರಿ, ಆ ಬೈಗುಳ ಈಗ ಯಾರಿಗೆ ಹಚ್ಚೂದು?"

"ನನಗ ಹಚ್ಚರಿ."

"ನಿಮಗ ಹಚ್ಚಿದ್ರ ನೌಕರಿ ಬರತೈತೇನ್ರಿ?"

ಮರುದಿನ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ತಾಯಿ ಮಗಳ ಮುಖ ನೋಡಿದರು. ಹುಡುಗಿ ನನ್ನ ಕಡೆ ನೋಡದೆ ಕೈ ತೊಳೆಯಲು ಎದ್ದಳು. "ಎಷ್ಟು ಗಂಟೆದ ಗಾಡಿರಿ?" ಎಂದು ಕೇಳಿದ್ದು ಬಚ್ಚಲಿನಿಂದ.

ಬೆಳಿಗ್ಗೆ ಅವಳು ಬ್ಯಾಡಗಿಯಲ್ಲಿ ಹತ್ತಿ, ಹಾವೇರಿಯಲ್ಲಿ ಹತ್ತುವ ನನಗಾಗಿ ಕಿಟಕಿಯ ಪಕ್ಕ ಜಾಗ ಹಿಡಿದಿದ್ದಳು. ಕಚೇರಿಯಲ್ಲಿ ಆಯ್ಕೆ ಮುಗಿದಿದೆ ಎಂದರು. ಅವಳಿಗೆ ತಿಳಿಸದೆ ಹೋದದ್ದು ನನ್ನ ತಪ್ಪು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಹಾಳೆ ಒಳಗೆ ಹೋಯಿತು. ನಾವು ಬೆಂಚಿನ ಮೇಲೆ ಕುಳಿತೆವು. ಹನ್ನೊಂದರ ಹೊತ್ತಿಗೆ ನನ್ನ ಫೋನ್ ಸದ್ದು ಮಾಡಿತು, ಗೊತ್ತಿಲ್ಲದ ನಂಬರು. ಎತ್ತಿದೆ.

"ಏನಂದ್ರು?" ಮಗನ ಫೋನಿನಲ್ಲಿ ತಾಯಿ.

"ಇನ್ನೂ ಒಳಗ ಕರದಿಲ್ಲರಿ. ಕುಂತೇವಿ," ಎಂದು, ಫೋನನ್ನು ಹುಡುಗಿಯ ಕೈಗೆ ಕೊಟ್ಟೆ.