ಎಣ್ಣೆ ಕುಡಿದ ಎರಡು ಪಟ್ಟಿ

ಕುಂದಾಪುರದ ಹೊಳೆಬದಿಯಲ್ಲಿ ನಮ್ಮದೊಂದು ಸಣ್ಣ ಕ್ಲಬ್ಬು ಇತ್ತು. ಹಂಚಿನ ಮಾಡು, ಎರಡು ಕೋಣೆ, ಒಂದು ಜಗಲಿ. ಒಳಕೋಣೆಯಲ್ಲಿ ಬ್ರಿಟಿಷ್ ದೊರೆಗಳ ಕಾಲದ ಬಿಲಿಯರ್ಡ್ಸ್ ಮೇಜೊಂದು ಆನೆ ಮಲಗಿದ ಹಾಗೆ ಬಿದ್ದುಕೊಂಡಿತ್ತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಕ್ಲಬ್ಬಿಗೆ ಕಾರ್ಯದರ್ಶಿಯಾದೆ. ನನ್ನ ಯೋಗ್ಯತೆ ನೋಡಿ ಆರಿಸಿದ್ದೇನಲ್ಲ. ಆ ದಿನ ಹೈಸ್ಕೂಲಿನಲ್ಲಿ ಲೆಕ್ಕದ ಪಾಠ ಮುಗಿಸಿ ನಾನು ಸಭೆಗೆ ತಡವಾಗಿ ಹೋದೆ. ಹೋಗುವಷ್ಟರಲ್ಲಿ ಎಲ್ಲರೂ ಸೇರಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿ ಚಾ ಕುಡಿಯುತ್ತಿದ್ದರು.

ಈ ಮೇಜಿನ ಅಂಚಿಗೆ, ಹಸಿರು ಬಟ್ಟೆಯ ಒಳಗೆ, ರಬ್ಬರಿನ ಪಟ್ಟಿ ಇರುತ್ತದೆ. ಉದ್ದದ ಬದಿಗಳಿಗೆ ಎರಡೆರಡು, ಗಿಡ್ಡ ಬದಿಗಳಿಗೆ ಒಂದೊಂದು, ಒಟ್ಟು ಆರು. ಚೆಂಡು ಹೋಗಿ ತಾಗಿದರೆ ಅದು ಪುಟಿಸಿ ಹಿಂದಕ್ಕೆ ಕಳಿಸಬೇಕು. ನಮ್ಮ ಮೇಜಿನ ರಬ್ಬರು ಉಪ್ಪುಗಾಳಿ ತಿಂದು ತಿಂದು ಮರದ ಹಾಗೆ ಗಟ್ಟಿಯಾಗಿತ್ತು. ಚೆಂಡು ಹೋಗಿ ತಾಗಿದರೆ, ನೆಂಟರ ಮನೆಗೆ ಹೋದವರ ಹಾಗೆ, ಅಲ್ಲೇ ಕೂತುಬಿಡುತ್ತಿತ್ತು. ಸದಸ್ಯರು ಒಬ್ಬೊಬ್ಬರಾಗಿ ಕೋಲು ಇಟ್ಟು ಜಗಲಿಯ ಇಸ್ಪೀಟಿಗೆ ಹೋದರು.

ಕ್ಲಬ್ಬಿನ ಅಧ್ಯಕ್ಷರು ಊರಿನ ಹಿರಿಯ ವಕೀಲರು. ಗಟ್ಟಿ ಸ್ವರ, ಮೂಗಿನ ತುದಿಯಲ್ಲೇ ಸಿಟ್ಟು. ತಮ್ಮದು ತಪ್ಪು ಎಂದು ಮುನ್ಸೀಫರ ಎದುರು ಸಹ ಅವರು ಒಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಸಂಜೆ ಅವರು ನನ್ನನ್ನು ಕರೆದು ಹೇಳಿದರು: "ಮಾಷ್ಟ್ರೆ, ಚೌತಿ ಒಳ್ಗೆ ಈ ಮೇಜ್ ಸಮ ಆಯ್ಕ್. ಇಲ್ದಿರೆ ಬಿಚ್ಚಿ ತೆಗೆದು ಇಸ್ಪೀಟಿನ್ ಮೇಜ್ ಹಾಕ್ವ. ಎಲ್ಲರೂ ಅದನ್ನೇ ಹೇಳ್ತ್ರ್."

ಆ ಮಾತು ಬಾಗಿಲ ಹತ್ತಿರ ನಿಂತಿದ್ದ ಮಾರ್ಕರ್ ಕಿವಿಗೂ ಬಿತ್ತು. ಮಾರ್ಕರ್ ಎಂದರೆ ಮೇಜನ್ನು ನೋಡಿಕೊಳ್ಳುವವರು, ಆಟದ ಅಂಕ ಕೂಗುವವರು. ಬೈಂದೂರಿನ ಕಡೆಯವರು, ಐವತ್ತು ದಾಟಿದ್ದರು. ಬೊಂಬಾಯಿಯ ಒಂದು ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ, ಊರಿನಲ್ಲೇ ಇರುವ ಆಸೆಯಿಂದ ಬಂದವರು. ಮೇಜು ಹೋದರೆ ಮಾರ್ಕರ್ ಯಾಕೆ ಬೇಕು? ಆ ರಾತ್ರಿ ದೀಪ ಆರಿಸುವಾಗ ಅವರು ನನಗೆ ಹೇಳಿದ್ದು ಇಷ್ಟೇ: "ಮತ್ತೆ ಬೊಂಬಾಯಿಗೆ ಹೋಪ ಪ್ರಾಯ ಅಲ್ಲ ಮಾಷ್ಟ್ರೆ ನಂದ್."

ನಾವು ರಬ್ಬರು ಹುಡುಕಲು ಶುರುಮಾಡಿದೆವು. ಊರೆಲ್ಲ ಸಲಹೆ ಕೊಟ್ಟಿತು. ಸಲಹೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ, ಆದರೂ ಕೇಳಿದೆ. ಬಸ್ಸಿನ ಹಳೇ ಟ್ಯೂಬು ಕೊಯ್ದು ಪದರ ಪದರವಾಗಿ ಅಂಟಿಸಿ ನೋಡಿದೆವು. ಚೆಂಡು ಅದರಲ್ಲಿ ಹುಗಿದುಕೊಂಡಿತು. ಟಯರು ಕೊಯ್ದು ಹಾಕಿದೆವು. ಚೆಂಡು ಎಗರಿ, ನೋಡಲು ಬಂದಿದ್ದ ಪೋಸ್ಟ್‌ಮಾಸ್ಟರರ ಮೊಣಕಾಲಿಗೆ ಬಡಿಯಿತು. ಮಾರ್ಕರ್ ಪ್ರತಿಯೊಂದು ತುಂಡನ್ನೂ ಹೆಬ್ಬೆರಳಿನಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮಿಡಿದು, ಆಮೇಲೆ ಅದರ ಮೇಲೆ ಒಂದು ಗೇಣು ಎತ್ತರದಿಂದ ಚೆಂಡು ಬಿಡುತ್ತಿದ್ದರು. ಒಳ್ಳೆಯ ರಬ್ಬರು ಚೆಂಡನ್ನು ಎತ್ತಿಕೊಡಬೇಕಂತೆ, ಒದೆಯಬಾರದಂತೆ. ತೆಂಗಿನಕಾಯಿ ತಟ್ಟಿ ನೋಡುವ ನಮ್ಮ ಅಮ್ಮನ ಮುಖದಲ್ಲಿ ಕಾಣುವ ಅದೇ ಗಂಭೀರತೆ ಅವರ ಮುಖದಲ್ಲಿರುತ್ತಿತ್ತು.

ಕೊನೆಗೆ ಬೊಂಬಾಯಿಯ ಹಳೆಯ ಜೊತೆಗಾರನಿಗೆ ಅವರ ಪರವಾಗಿ ನಾನೇ ಕಾಗದ ಬರೆದೆ. ಮೇ ತಿಂಗಳ ಕೊನೆಗೆ, ಅಲ್ಲಿನ ಹೋಟೆಲಿನಿಂದ ರಜೆಯಲ್ಲಿ ಊರಿಗೆ ಬಂದವರೊಬ್ಬರ ಕೈಯಲ್ಲಿ ಆರು ಪಟ್ಟಿ ಬಂದವು. ಹಳೇ ಪೇಪರಿನಲ್ಲಿ ಸುತ್ತಿ, ಬಿಳಿ ಪುಡಿ ಉದುರಿಸಿ ಕಳಿಸಿದ್ದರು. ಮಾರ್ಕರ್ ಒಂದರ ಮೇಲೆ ಚೆಂಡು ಬಿಟ್ಟರು. ಅದು ಮೇಲೆದ್ದ ರೀತಿ ಕಂಡು ಅವರ ಮುಖ ಅರಳಿತು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಕಿಕೊಡಬೇಕಾದವರು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಆಚಾರಿ. ಮಳೆಗಾಲದಲ್ಲಿ ದೋಣಿಗಳೆಲ್ಲ ದಡದ ಮೇಲೆ ರಿಪೇರಿಗೆ ಬಿದ್ದಿರುತ್ತವೆ. ಮೊದಲು ಅವುಗಳ ಕೆಲಸ ಮುಗಿಸಿ ಬರುತ್ತೇನೆ ಎಂದರು. ಕ್ಲಬ್ಬಿನ ಮಾಡು ಸೋರುತ್ತಿತ್ತು. ಹಾಗಾಗಿ ಪಟ್ಟಿಗಳನ್ನು ನಾನು ಮನೆಗೆ ತಂದು ಅಟ್ಟದ ಮೇಲೆ ಇಟ್ಟೆ. ನಾನು ಬುದ್ಧಿವಂತ ಎಂದು ತೋರಿಸಿಕೊಂಡದ್ದು ಅಲ್ಲಿಯೇ.

ಜಡಿಮಳೆ ಹಿಡಿದು ಮನೆಯಲ್ಲಿ ಎಲ್ಲದಕ್ಕೂ ಬೂಷ್ಟು ಬರುತ್ತಿತ್ತು. ನಮ್ಮ ಕಡೆ ಕೆಡಬಾರದು ಎನ್ನುವ ವಸ್ತುವಿಗೆಲ್ಲ ಎಣ್ಣೆಯೇ ಮದ್ದು. ಚಪ್ಪಲಿಗೆ ತೆಂಗಿನೆಣ್ಣೆ, ಬಾಗಿಲ ತಿರುಗಣಿಗೆ ತೆಂಗಿನೆಣ್ಣೆ, ಒಡೆದ ಹಿಮ್ಮಡಿಗೂ ಅದೇ. ದೋಣಿಗೆ ಆಚಾರಿ ಮೀನೆಣ್ಣೆ ತಿಕ್ಕುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ರಬ್ಬರು ಮತ್ತೆ ಗಟ್ಟಿಯಾಗಬಾರದಲ್ಲ ಎಂದು ಒಂದು ಸಂಜೆ ಕೂತು ಎರಡು ಪಟ್ಟಿಗೆ ತೆಂಗಿನೆಣ್ಣೆ ಚೆನ್ನಾಗಿ ತಿಕ್ಕಿದೆ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಮ್ಮ ಬಂದು ಕುಪ್ಪಿ ಕಿತ್ತುಕೊಂಡರು. "ಒಗ್ಗರ್ಣಿಗೇ ಎಣ್ಣಿ ಇಲ್ಲ, ನಿಂಗೆ ರಬ್ಬರಿಗ್ ಮೀಸುಕ್ ಬೇಕಾ ಮಗಾ?" ಎಂದು, ರಬ್ಬರಿಗೂ ಎಣ್ಣೆಸ್ನಾನವೇ ಎಂಬಂತೆ ಬೈದರು. ನನಗೆ ಸಿಟ್ಟು ಬಂತು. ಆ ಬೈಗುಳ ನಾಲ್ಕು ಪಟ್ಟಿಗಳ ಜೀವ ಉಳಿಸಿತ್ತು ಎಂದು ತಿಳಿದದ್ದು ಆಮೇಲೆ.

ಮೂರು ವಾರದ ಮೇಲೆ ಆಚಾರಿ ನಾಳೆ ಬರುತ್ತೇನೆಂದು ಹೇಳಿ ಕಳಿಸಿದರು. ಅಟ್ಟ ಹತ್ತಿ ಕಟ್ಟು ಬಿಚ್ಚಿದೆ. ಎಣ್ಣೆ ಕುಡಿದ ಎರಡು ಪಟ್ಟಿಗಳು ಉಬ್ಬಿ, ಸೊಟ್ಟಗಾಗಿ, ಹಲಸಿನ ಮೇಣದ ಹಾಗೆ ಕೈಗೆ ಅಂಟಿದವು. ಬೊಂಬಾಯಿಯಿಂದ ಮತ್ತೆ ರಬ್ಬರು ಬರುವುದು ರಜೆಗೆ ಬರುವವರ ಕೈಯಲ್ಲಿ, ಮುಂದಿನ ಮೇ ತಿಂಗಳಿಗೆ. ಚೌತಿಗೆ ಉಳಿದದ್ದು ಕೆಲವೇ ವಾರ. ಒಬ್ಬರ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ನಾಚಿಕೆಯಾಯಿತು.

ಕೊಡೆ ಹಿಡಿದು ನೇರ ಕ್ಲಬ್ಬಿಗೆ ಹೋಗಿ ಎರಡನ್ನೂ ಮಾರ್ಕರ್ ಮುಂದಿಟ್ಟೆ. ಅವರು ಮುಟ್ಟಿ ನೋಡಿ, ಬೆರಳು ಮೂಸಿದರು.

"ಎಣ್ಣಿ ಹಚ್ಚಿದ್ದ್ ಯಾರ್?"

"ನಾನೇ."

ಅವರು ಬೆರಳು ಒರೆಸಿಕೊಂಡು ಪಟ್ಟಿಗಳನ್ನು ಬದಿಗಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ವಕೀಲರಿಗೆ ಈಗಲೇ ಹೋಗಿ ಹೇಳಿಬಿಡುತ್ತೇನೆ ಎಂದೆ.

"ಸುಮ್ನಿರಿ ಮಾಷ್ಟ್ರೆ. ಹೇಳ್ರೆ ನಿಮ್ಗೆ ಬೈಗಳ್, ನಂಗೆ ಬೊಂಬಾಯಿ ಬಸ್ಸ್. ಎಂತ ಮಾಡುಕಾತ್ತ್ ಕಾಂಬ," ಎಂದರು.

ಆಮೇಲೆ ಅವರು ಮೇಜಿನ ಸುತ್ತ ನಿಧಾನವಾಗಿ ಎರಡು ಸುತ್ತು ಬಂದರು. ಹಳೇ ಪಟ್ಟಿಗಳಲ್ಲಿ ಕಡಿಮೆ ಸತ್ತ ಎರಡನ್ನು ಆರಿಸಿದರು. ಅವನ್ನು ಎಲ್ಲಿ ಹಾಕುವುದು ಎಂಬುದೇ ಈಗ ಪ್ರಶ್ನೆ. ಇಷ್ಟು ವರ್ಷ ಅಂಕ ಕೂಗುತ್ತ ನಿಂತವರಿಗೆ ಯಾವ ಸದಸ್ಯರ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಬಾಯಿಪಾಠವಾಗಿತ್ತು. ಡಾಕ್ಟರರು ಯಾವಾಗಲೂ ಮೇಲಿನ ಬದಿಗೆ, ಪೋಸ್ಟ್‌ಮಾಸ್ಟರರು ಬಲಕ್ಕೆ. ಆಟ ಶುರುಮಾಡುವ ಗಿಡ್ಡ ಬದಿಗೂ ಅದಕ್ಕೆ ತಾಗಿದ ಎಡಮೂಲೆಯ ಪಟ್ಟಿಗೂ ಜೋರಾಗಿ ಹೊಡೆಯುವವರು ಕಡಿಮೆ. ಹಳೆಯದು ಎರಡೂ ಅಲ್ಲಿಗೇ ಎಂದು ತೀರ್ಮಾನಿಸಿದರು. "ವಕೀಲ್ರ್ ಒಬ್ರೇ ಒಂದೊಂದ್ ಸಲ ಆ ಎಡಮೂಲಿಗೆ ಹೊಡಿತ್ರ್. ದೇವ್ರೇ ಗತಿ," ಎಂದರು.

ಮರುದಿನ ಆಚಾರಿ ಬಂದು ಅಂಚಿನ ಮರಗಳನ್ನು ಬಿಚ್ಚಿದರು. ಹಳೇ ಅಂಟನ್ನು ಕೆರೆದು, ಮರ ಒಣಗಿಸಿ, ನಾಲ್ಕು ಹೊಸ ಪಟ್ಟಿ, ಎರಡು ಹಳೆಯದು ಕೂರಿಸಿ, ಬಟ್ಟೆ ಎಳೆದು ಸಣ್ಣ ಮೊಳೆ ಹೊಡೆದರು. ದೋಣಿಗೆ ನೀರು ಬರದ ಹಾಗೆ ಹಲಗೆ ಜೋಡಿಸಿದ ಕೈ, ಒಂದು ಸುಕ್ಕು ಬಿಡಲಿಲ್ಲ. ಯಾವುದು ಹೊಸದು, ಯಾವುದು ಹಳೆಯದು ಎಂದು ನೋಡಿದರೆ ನನಗೇ ಗೊತ್ತಾಗುತ್ತಿರಲಿಲ್ಲ.

ಚೌತಿಗೆ ನಾಲ್ಕು ದಿನ ಇರುವಾಗ ವಕೀಲರು ಪರೀಕ್ಷೆಗೆ ಬಂದರು. ಕೋಣೆಯಲ್ಲಿ ನಾವು ಮೂವರೇ. ಅವರು ಮೇಲಿನ ಬದಿಗೆ ಹೊಡೆದರು, ಚೆಂಡು ಚಂದವಾಗಿ ತಿರುಗಿ ಬಂತು. ಬಲಕ್ಕೆ ಹೊಡೆದರು, ಬಂತು. ನಾನು ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಅವರು ಬಗ್ಗಿ ಎಡಮೂಲೆಗೆ ಜೋರಾಗಿ ಒಂದು ಹೊಡೆದರು. ಚೆಂಡು ಹೋಗಿ ತಾಗಿ ಅಲ್ಲೇ ನಿಂತಿತು.

ಮಾರ್ಕರ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ವಕೀಲರು ಚೆಂಡನ್ನು ನೋಡಿದರು, ಮಾರ್ಕರ್ ಮುಖ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಒಮ್ಮೆ ಕೊಡವಿದರು.

"ಥೋ, ಕೈಗೆ ಬಲವೇ ಇಲ್ಲ ಮಾರಾಯ್ರೆ. ಪ್ರಾಯ ಆಯ್ತ್. ಮೇಜ್ ಅಡ್ಡಿಲ್ಲ, ಇರ್ಲಿ," ಎಂದು ಕೋಲು ಇಟ್ಟು ಹೊರಟರು.

ನಾನು ನಂಬಿದೆ. ಲೆಕ್ಕದ ಮೇಷ್ಟ್ರಾದರೂ ಎದುರಿಗಿದ್ದ ಲೆಕ್ಕ ನನಗೆ ಹೊಳೆಯಲಿಲ್ಲ. ಇಷ್ಟು ದೊಡ್ಡ ವಕೀಲರಿಗೆ ಟೋಪಿ ಹಾಕಿದೆವಲ್ಲ ಎಂದು ದಾರಿಯುದ್ದಕ್ಕೂ ಒಳಗೊಳಗೇ ಬೀಗಿದೆ. ಚೌತಿಯ ಮೇಲೆ ಕೋಣೆ ಮತ್ತೆ ತುಂಬಿತು, ಚೆಂಡಿನ ಟಕ್ ಟಕ್ ಸದ್ದು ರಸ್ತೆಗೆ ಕೇಳತೊಡಗಿತು. ಮಾರ್ಕರ್ ತಿಂಗಳಿಗೆ ಎರಡು ಭಾನುವಾರ ಬೈಂದೂರಿಗೆ ಹೋಗಿ ಬರುವಾಗ ನಮ್ಮ ಅಮ್ಮನಿಗೆ ಹಲಸಿನ ಹಪ್ಪಳ ತಂದುಕೊಡುತ್ತಿದ್ದರು. ಕುಪ್ಪಿ ಕಿತ್ತುಕೊಂಡ ಉಪಕಾರಕ್ಕೆ ಎಂದು ಹೇಳಿ ನನ್ನನ್ನು ನೋಡಿ ನಗುತ್ತಿದ್ದರು. ಅದು ಬಹಳ ಸುಖದ ವರ್ಷ.

ಮುಂದಿನ ಮೇ ತಿಂಗಳಲ್ಲಿ ಇನ್ನೆರಡು ಪಟ್ಟಿ ಬಂದವು. ಈ ಸಲ ಅವನ್ನು ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ. ಒಂದು ಭಾನುವಾರ ಕ್ಲಬ್ಬಿನ ಬಾಗಿಲು ಮುಚ್ಚಿಕೊಂಡು ಮಾರ್ಕರ್ ಮತ್ತು ಆಚಾರಿ ಆ ಎರಡನ್ನೂ ಬದಲಿಸಿದರು. ಯಾರಿಗೂ ಹೇಳಲಿಲ್ಲ.

ಸೋಮವಾರ ಸಂಜೆ ವಕೀಲರು ಬಂದರು. ಕೋಣೆಯಲ್ಲಿ ಅಂಟಿನ ವಾಸನೆ ಇನ್ನೂ ಇತ್ತು. ಅವರು ಬಾಗಿಲಲ್ಲಿ ಒಂದು ಕ್ಷಣ ನಿಂತು, ಕಪ್ಪು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕೋಲು ತೆಗೆದುಕೊಂಡರು. ಇಡೀ ವರ್ಷ ಅವರು ಆ ಎಡಮೂಲೆಗೆ ಒಂದು ಸಲವೂ ಹೊಡೆದಿರಲಿಲ್ಲ ಎಂಬುದು ನನಗೆ ನೆನಪಾದದ್ದು ಆಗ. ಈಗ ಮೊದಲ ಹೊಡೆತವೇ ಅಲ್ಲಿಗೆ. ಚೆಂಡು ಪುಟಿದು, ಮೇಜಿನ ಉದ್ದಕ್ಕೂ ಓಡಿ, ಅಲ್ಲಿದ್ದ ಇನ್ನೆರಡು ಚೆಂಡುಗಳನ್ನೂ ಒಂದಾದ ಮೇಲೊಂದು ಮುಟ್ಟಿ ನಿಂತಿತು. ಹಾಗೆ ಮುಟ್ಟಿದರೆ ಎರಡು ಅಂಕ.

"ಮಾಷ್ಟ್ರೆ, ನನ್ನ ಕೈ ಸಮ ಆಯ್ತ್ ಕಾಣಿ," ಎಂದರು ಅವರು, ನಮ್ಮ ಕಡೆ ತಿರುಗದೆ. "ಒಂದ್ ವರ್ಷ ಬೇಕಾಯ್ತ್."

ನಾನು ತಲೆ ತಗ್ಗಿಸಿದೆ. ಅಂಕ ಕೂಗಬೇಕಾಗಿದ್ದ ಮಾರ್ಕರ್ ಬಗ್ಗಿ ಆ ಎಡಮೂಲೆಯ ಬಟ್ಟೆಯನ್ನು ಅಂಗೈಯಿಂದ ಸವರುತ್ತಿದ್ದರು. ಕೊನೆಗೆ ಅಂಕವನ್ನು ವಕೀಲರೇ ಹೇಳಿದರು.

"ಎರಡ್ ಬರ್ಕಣಿ."