ಬಾವುಟದ ಕಂಬ ಹಿಡಿದ ಟೀಚರ್

ಕಾದ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಕಳೆದ ವಾರ ಮಸ್ಕತ್ ಹತ್ತಿರದ ಸೀಬ್‌ನಲ್ಲಿ ಮಗನ ಶಾಲೆಯೆದುರು ಕಾಯುತ್ತಿದ್ದೆ. ಚಪ್ಪಲಿಗೆ ಸಿಕ್ಕ ಕಲ್ಲು ತೆಗೆಯಲೆಂದು ಪಕ್ಕದ ಬಾವುಟದ ಕಂಬ ಹಿಡಿದೆ, ಅಂಗೈ ಚುರುಕ್ಕೆಂದಿತು. ಆಮೇಲೆ ಕೈಯಲ್ಲಿ ಉಳಿದ ಆ ವಾಸನೆ... ನಮ್ಮ ಮೇಲಿನ ಫ್ಲಾಟಿನಲ್ಲಿದ್ದ ಹಿಸ್ಟರಿ ಟೀಚರ್ ನೆನಪಾದರು.

ಧಾರವಾಡದವರು. ಕೂತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ; ನನ್ನ ಅಡುಗೆಮನೆಯಲ್ಲಿ ಆ ಕಡೆಯಿಂದ ಈ ಕಡೆ ನಡೆಯುತ್ತಲೇ ಲೋಟ ಖಾಲಿ ಮಾಡುತ್ತಿದ್ದರು. ಎಣ್ಣೆ ಬೆಲೆ ಕುಸಿದ ವರ್ಷಗಳವು. ದಿನಕ್ಕೊಬ್ಬರ ಕೆಲಸ ಹೋಗುತ್ತಿತ್ತು. ಟೀಚರ್ ಅವರ ಗಂಡನದು ಆಗಲೇ ಹೋಗಿತ್ತು. ಇದೇ ದೇಶದ ಬುರೈಮಿಯಲ್ಲಿ ಬೇರೆ ಕೆಲಸವೇನೋ ಸಿಕ್ಕಿತ್ತು, ಆದರೆ ವೀಸಾ ಕೊಟ್ಟ ಹಳೆಯ ಮಾಲೀಕ, ಅಂದರೆ ಕಫೀಲ್, ‘ಅಭ್ಯಂತರವಿಲ್ಲ’ ಎಂದು ಸಹಿ ಹಾಕಬೇಕಿತ್ತು. ಹಾಕದಿದ್ದರೆ ದೇಶ ಬಿಡಬೇಕು, ಎರಡು ವರ್ಷ ಈ ಕಡೆ ತಲೆಹಾಕುವಂತಿಲ್ಲ. ಆ ಮನುಷ್ಯ ಫೋನೇ ಎತ್ತುತ್ತಿರಲಿಲ್ಲ.

ಅದೇ ತಿಂಗಳು ಟೀಚರ್ ಕ್ಲಾಸಿನಲ್ಲಿ ಗುಲಾಮರ ವ್ಯಾಪಾರ ನಿಂತ ಪಾಠ ಬಂತು.

“ಪುಸ್ತಕದಾಗ ಎರಡ ಸಾಲು ಬರದಾರ್ರೀ. ಬ್ರಿಟಿಷರಿಗೆ ಕನಿಕರ ಬಂತು, ಕಾಯ್ದೆ ಮಾಡಿದ್ರು, ಖಲಾಸ್! ಬರೇ ಕನಿಕರ ಬಂದ್ರ ಸಾಕಾಗ್ತದೇನ್ರೀ?”

ಜನ ವರ್ಷಗಟ್ಟಲೆ ಅರ್ಜಿ ಹಾಕಿದರಂತೆ. ಗುಲಾಮರು ಬೆಳೆದ ಸಕ್ಕರೆ ಬೇಡವೆಂದು ಹೆಂಗಸರು ಮನೆಯಿಂದ ಹೊರಗಿಟ್ಟರಂತೆ. ದ್ವೀಪಗಳಲ್ಲಿ ಗುಲಾಮರೇ ತಿರುಗಿಬಿದ್ದರಂತೆ. ಇಷ್ಟಾಗಿಯೂ ಮೊದಲು ನಿಂತದ್ದು ಹಡಗಿನ ಸಾಗಾಟ ಮಾತ್ರ, ಗುಲಾಮರು ಗುಲಾಮರಾಗಿಯೇ ಉಳಿದರು. ಕೊನೆಗೆ ಬಿಟ್ಟಾಗಲೂ ಪರಿಹಾರ ಸಿಕ್ಕಿದ್ದು ಯಜಮಾನರಿಗೆ. ಇಲ್ಲಿ ಮಸ್ಕತ್‌ನಲ್ಲೂ ಬ್ರಿಟಿಷ್ ಕಚೇರಿಗೆ ಓಡಿಬಂದು ಬಾವುಟದ ಕಂಬ ಹಿಡಿದ ಗುಲಾಮ ಬಿಡುಗಡೆ ಕೇಳಬಹುದಿತ್ತಂತೆ. ನನಗೆ ಒಲೆಯ ಮೇಲಿನ ಸಾರಿನ ಚಿಂತೆ. “ನಾವೇನು ಗುಲಾಮರಾ ಟೀಚರ್?” ಎಂದು ರೇಗಿಸಿದೆ. “ಛೇ, ಹಂಗ ಅನಬ್ಯಾಡ್ರಿ, ಅವರು ಪಟ್ಟ ಪಾಡೇ ಬ್ಯಾರೆ,” ಎಂದು ಗದರಿದರು.

ದೇಶ ಬಿಡಲು ಕೊಟ್ಟ ಗಡುವು ಮುಗಿಯುತ್ತ ಬಂದಾಗ ಟೀಚರನ್ನು ಕಫೀಲನ ಕಚೇರಿಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ವಿಲ್ಲಾದ ಅಂಗಳದಲ್ಲಿ ಕಾಯಿರಿ ಎಂದರು. ಕಾದೆವು. ಬಿಸಿಲು ನೆತ್ತಿಗೇರಿತು. ಟೀಚರ್ ನಡೆದರು, ನಿಂತರು, ಮತ್ತೆ ನಡೆದರು... ಇದ್ದಕ್ಕಿದ್ದಂತೆ ಅಲ್ಲಿದ್ದ ಬಾವುಟದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟರು.

“ಏನ್ರೀ ಇದು? ಬಿಡಿ, ಯಾರಾದ್ರೂ ನೋಡ್ತಾರೆ!”

“ನೋಡ್ಲಿ.”

ಕಫೀಲ್ ಹೊರಗೆ ಬಂದ. ವಯಸ್ಸಾದವನು. ಮೊದಲು ನಕ್ಕ, ಮರುಕ್ಷಣ ಅರ್ಥವಾಗಿ ಮುಖ ಕಪ್ಪಿಟ್ಟಿತು.

“ನಾನು ಅಂಥವನಲ್ಲ, ಟೀಚರ್,” ಎಂದ ಹಿಂದಿಯಲ್ಲಿ. “ನನ್ನ ಅಜ್ಜಿ ಮಸ್ಕತ್‌ನ ಆ ಕಂಬ ಹಿಡಿದವಳು.”

ಅವನ ಕಣ್ಣು ತುಂಬಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಾರಿನಲ್ಲಿ ಟೀಚರ್ ಕೆಂಪಾದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. “ಭಾಳ ನೋಯಿಸಿಬಿಟ್ಟೆ ನೋಡ್ರಿ ಅವನ್ನ,” ಎಂದರು. ಸೀಬ್ ಹತ್ತಿರವಾದಾಗ ಮತ್ತೆ, “ಆದ್ರೂ ಸಹಿ ಮಾಡ್ಲಿಲ್ಲ.”

ಅವರು ಊರಿಗೆ ಹೊರಟುಹೋದರು. ಕೆಲವು ವರ್ಷಗಳ ನಂತರ ಸರ್ಕಾರ ಆ ಸಹಿಯ ನಿಯಮವನ್ನೇ ತೆಗೆದುಹಾಕಿತು. ಸಂಭ್ರಮದಿಂದ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: “ಯಾಕ ತಗದ್ರಂತ?” ನನಗೆ ಗೊತ್ತಿರಲಿಲ್ಲ. ತಿಳಿದು ಹೇಳುತ್ತೇನೆ ಎಂದೆ... ಹೇಳುವ ಮೊದಲೇ ಟೀಚರ್ ತೀರಿಕೊಂಡರು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮೊನ್ನೆ ಮಗ ಪುಸ್ತಕ ಹಿಡಿದು ಬಂದ. ಅದೇ ಪಾಠ, ಅದೇ ಎರಡು ಸಾಲು. “ಅಮ್ಮಾ, ದೇ ಫೆಲ್ಟ್ ಸಾರಿ, ಸೋ ದೇ ಸ್ಟಾಪ್ಡ್. ರೈಟ್?”

ಒಲೆ ಆರಿಸಿದೆ. “ಇಲ್ಲ, ಕೂತ್ಕೋ,” ಎಂದು ಹೇಳಿ, ನಾನು ಮಾತ್ರ ಅಡುಗೆಮನೆಯಲ್ಲಿ ಆ ಕಡೆಯಿಂದ ಈ ಕಡೆ ನಡೆಯತೊಡಗಿದೆ.